ಎರಡೂ ಆಪರೇಷನ್ ಒಟ್ಟಿಗೇ?

‘ಹೇಗೂ ಬಂದಾಗಿದೆ, ಎರಡನ್ನೂ ಒಂದೇ ಸಲ ಮುಗಿಸಿಬಿಡಿ ಡಾಕ್ಟ್ರೇ.’ ಒಂದೇ ಕಣ್ಣಿನಲ್ಲಿ ಪೊರೆಯೂ ಗ್ಲಾಕೋಮಾವೂ ಇದ್ದಾಗ ಮನೆಯವರು ಹೀಗೆ ಕೇಳುವುದು ಸಹಜ. ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ 2006ರಲ್ಲಿ ವಿಶಾಖಪಟ್ಟಣಕ್ಕೆ, 2011ರಲ್ಲಿ ವಿಜಯವಾಡಕ್ಕೆ ಬಂದ ಮೇಲೆ ಕರಾವಳಿ ಆಂಧ್ರದವರಿಗೆ ಹೈದರಾಬಾದಿನ ಅಲೆದಾಟ ಕಡಿಮೆಯಾಯಿತು, ನಿಜ. ಆದರೂ ಅರಕು ಬೆಟ್ಟದಿಂದ ಇಳಿದು ಬರುವವರಿಗೆ ಒಂದು ದಿನದ ಕೂಲಿ ಹೋಯಿತು. ಜೊತೆಗೆ ಬಂದವರದೂ ಹೋಯಿತು.

ಈ ಲೆಕ್ಕ ನ್ಯಾಯವಾದದ್ದೇ, ಆದರೆ ಅರ್ಧ ಮಾತ್ರ. ಪೊರೆ ತೆಗೆದು ಲೆನ್ಸ್ ಕೂರಿಸಿದರೆ ಕೆಲಸ ಬಹುಮಟ್ಟಿಗೆ ಮುಗಿದಂತೆ. ಕಣ್ಣಿನೊಳಗಿನ ಒತ್ತಡ ದೃಷ್ಟಿನರವನ್ನು ಸವೆಸುವ ಗ್ಲಾಕೋಮಾಕ್ಕೆ ಮಾಡುವ ಟ್ರಾಬೆಕ್ಯುಲೆಕ್ಟಮಿ ಹಾಗಲ್ಲ. ಮೇಲಿನ ರೆಪ್ಪೆಯಡಿ, ಕಣ್ಣಿನ ಬಿಳಿಭಾಗದಲ್ಲಿ ಸಣ್ಣ ಕಿಂಡಿ ಮಾಡಿ ಒಳಗಿನ ದ್ರವ ಹೊರಗೆ ಜಿನುಗುವಂತೆ ಮಾಡುತ್ತಾರೆ. ಅಲ್ಲೊಂದು ಪುಟ್ಟ ಗುಳ್ಳೆ ಏಳುತ್ತದೆ. ಬೇರೆ ಆಪರೇಷನ್‌ಗಳಲ್ಲಿ ಗಾಯ ಬೇಗ ಮಾಯಲಿ ಎನ್ನುತ್ತೇವೆ. ಇಲ್ಲಿ ಪೂರ್ತಿ ಮಾಯ್ದರೆ ಕಿಂಡಿಯೇ ಮುಚ್ಚಿ ಒತ್ತಡ ಮತ್ತೆ ಏರುತ್ತದೆ! ಅದಕ್ಕೇ ಕ್ಯಾನ್ಸರ್ ಔಷಧಿ ಮೈಟೋಮೈಸಿನ್ ಅನ್ನು ಒಂದೆರಡು ನಿಮಿಷ ಸವರುವುದು, ಮೊದಲ ವಾರಗಳಲ್ಲಿ ಮತ್ತೆ ಕರೆಸಿ ಲೇಸರ್‌ನಿಂದ ಹೊಲಿಗೆ ಕತ್ತರಿಸುವುದು. ಪೊರೆಯನ್ನೂ ಜೊತೆಗೇ ತೆಗೆದರೆ ಉರಿಯೂತ ಹೆಚ್ಚಿ ಕಿಂಡಿ ಮುಚ್ಚುವ ಭಯವೂ ಹೆಚ್ಚು. ಒಂದು ಪ್ರಯಾಣ ಉಳಿಸಹೊರಟವರು ನಾಲ್ಕಾರು ಸಲ ಬರಬೇಕಾದೀತು.

ಗ್ಲಾಕೋಮಾ ಮೊದಲು, ಪೊರೆ ಆಮೇಲೆ ಎಂದರೂ ತೊಡಕಿದೆ. ಟ್ರಾಬೆಕ್ಯುಲೆಕ್ಟಮಿಯೇ ಪೊರೆಯನ್ನು ಬೇಗ ಬಲಿಸುತ್ತದೆ. ಅವಸರದಲ್ಲಿ ಅದನ್ನು ತೆಗೆಯಹೋದರೆ ಚೆನ್ನಾಗಿದ್ದ ಗುಳ್ಳೆ ಕೆಡಬಹುದು. ಸಾಧ್ಯವಾದರೆ ಆರು ತಿಂಗಳಾದರೂ ಕಾಯುವುದು ರೂಢಿ.

ದ್ರವ ಹರಿದುಹೋಗುವ ಕೋನವೇ ಮುಚ್ಚಿಕೊಳ್ಳುವ ಗ್ಲಾಕೋಮಾದ ಕಥೆ ಬೇರೆ. ಅಲ್ಲಿ ವಯಸ್ಸಿನೊಂದಿಗೆ ದಪ್ಪಗಾದ ಮಸೂರವೇ ಎಷ್ಟೋ ಸಲ ಅಪರಾಧಿ. 2016ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಈಗಲ್ ಅಧ್ಯಯನ 419 ರೋಗಿಗಳಲ್ಲಿ, ಪೊರೆಯೇ ಬಾರದ ಮಸೂರವನ್ನು ತೆಗೆಯುವುದು ಲೇಸರ್ ಮತ್ತು ಡ್ರಾಪ್ಸ್‌ಗಿಂತ ಮೇಲೆಂದು ತೋರಿಸಿತು. ಒಂದೆರಡು ಡ್ರಾಪ್ಸ್‌ನಲ್ಲೇ ಒತ್ತಡ ಹಿಡಿತದಲ್ಲಿದ್ದು ನರ ಗಟ್ಟಿಯಾಗಿರುವವರಿಗೂ ಸದ್ಯ ಪೊರೆಯ ಆಪರೇಷನ್ ಒಂದೇ ಸಾಕು.

ನರ ಸವೆದು, ಒತ್ತಡ ಡ್ರಾಪ್ಸ್‌ಗೆ ಜಗ್ಗದಿದ್ದರೆ ಮಾತ್ರ ನನ್ನ ಮತ ಗ್ಲಾಕೋಮಾ ಮೊದಲು ಎಂಬ ಕಡೆಗೆ. ಪೊರೆಯಿಂದ ಮಂಜಾದ ನೋಟ ಮರಳುತ್ತದೆ, ನರದ ಜೊತೆ ಹೋದದ್ದು ಮರಳುವುದಿಲ್ಲ. ಇವೆರಡರ ನಡುವೆ ಇರುವವರಿಗೆ ಜೋಡಿ ಆಪರೇಷನ್ ತಪ್ಪಲ್ಲ. ಆದರೆ ಆಮೇಲೆ ಎಷ್ಟು ಸಲ ಬರಬೇಕೆಂದು ಮೊದಲೇ ಕೇಳಿ, ಅಷ್ಟಕ್ಕೂ ಬರಲಾಗುವುದೇ ಎಂದು ಯೋಚಿಸಿ ಸಹಿ ಹಾಕಿ.