ಹದಿನಾರನ್ನು ಖಾಲಿ ಬಿಡಿ!

ಅಂಕೋಲಾ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬಂತು, ಹೊರಟಿತು ಎಂದು ಕೂಗುವ ಮೈಕು ಒಂದೇ ಎಂದಿಟ್ಟುಕೊಳ್ಳಿ. ಯಾರೋ ಒಬ್ಬ ಪುಣ್ಯಾತ್ಮ ಅದನ್ನು ಹಿಡಿದುಕೊಂಡು "ಏನಪಾ, ಬಂಗಡೆ ಎಷ್ಟು ಬಿತ್ತು, ಊಟ ಆಯ್ತಾ" ಅಂತ ಗೆಳೆಯನ ಜೊತೆ ಹರಟೆಗೆ ಕೂತರೆ? ಕಾರವಾರದ ಬಸ್ಸು ತಪ್ಪಿದವರು ನಾಲ್ಕು ಮಾತು ಬೈದು ಮುಂದಿನ ಬಸ್ಸು ಹಿಡಿದಾರು. ಆದರೆ ಕಡಲಲ್ಲಿ ಮುಂದಿನ ಬಸ್ಸು ಇಲ್ಲ.

ಬೊಬ್ರುವಾಡ, ಕೇಣಿ, ಬೆಲೇಕೇರಿ, ಹಾರವಾಡದ ನೆರೆಯ ಕಡಲಿನಿಂದ ಕಾರವಾರದ ಬೈತಖೋಲದವರೆಗೆ ಓಡಾಡುವ ದೊಡ್ಡ ಬೋಟುಗಳಲ್ಲಿ ಈಗ ವಯರ್‌ಲೆಸ್ ಸೆಟ್ಟು ಇರುತ್ತದೆ. ವಿಎಚ್‌ಎಫ್ ಎಂದು ಕರೆಯುವ ಈ ಸೆಟ್ಟಿನಲ್ಲಿ ಚಾನೆಲ್‌ಗಳು ಹತ್ತಾರು. ಅವುಗಳಲ್ಲಿ 16ನೇ ಚಾನೆಲ್, ಅಂದರೆ 156.8 ಮೆಗಾಹರ್ಟ್ಸ್, ಪ್ರಪಂಚದ ಎಲ್ಲ ಕಡಲಿಗೂ ಸೇರಿದ್ದು. ಜೀವಾಪಾಯದ ಕೂಗಿಗೆ, ಮೊದಲ ಕರೆಗೆ ಮಾತ್ರ ಅದು ಮೀಸಲು. ಕೋಸ್ಟ್ ಗಾರ್ಡ್, ಬಂದರು, ವ್ಯಾಪಾರಿ ಹಡಗು ಎಲ್ಲರೂ ಅಲ್ಲಿ ಕಿವಿಗೊಟ್ಟಿರುತ್ತಾರೆ. ಅದೇ ಚಾನೆಲ್ಲಿನಲ್ಲಿ ಹಾಡು, ಚೇಷ್ಟೆ, ಮೀನಿನ ದರ ಕೇಳಿಬರುವುದು ಲೋಕದ ಎಲ್ಲ ಕಡಲಿನ ಹಳೇ ದೂರು. ನಮ್ಮ ಕಡಲೇನೂ ಅದಕ್ಕೆ ಹೊರತಲ್ಲ.

"ಎರಡು ಮಾತಾಡಿದರೆ ಏನು ಮುಳುಗಿಹೋಗುತ್ತದೆ?" ಎಂದು ಕೇಳುವವರಿದ್ದಾರೆ. ಮುಳುಗುತ್ತದೆ ಸ್ವಾಮೀ! ಇದು ಟೆಲಿಫೋನ್ ಅಲ್ಲ. ಬಟನ್ ಒತ್ತಿದವನ ಮಾತು ಮಾತ್ರ ಹೋಗುತ್ತದೆ. ಒತ್ತಿಕೊಂಡಿರುವಷ್ಟು ಹೊತ್ತು ಅವನಿಗೆ ಬೇರೆಯವರ ದನಿ ಕೇಳಿಸುವುದೇ ಇಲ್ಲ. ಇಬ್ಬರು ಒಟ್ಟಿಗೆ ಒತ್ತಿದರೆ ಹತ್ತಿರದ ಜೋರು ದನಿ ದೂರದ ಕ್ಷೀಣ ದನಿಯನ್ನು ಪೂರಾ ನುಂಗಿಬಿಡುತ್ತದೆ. ದೂರದಲ್ಲಿ ನೀರು ತುಂಬುತ್ತಿರುವ ಬೋಟಿನವನು ಕೂಗುತ್ತಿದ್ದರೂ ನಮಗೆ ಕೇಳುವುದು ಪಕ್ಕದವನ ಹರಟೆ ಮಾತ್ರ. ಮೈಕಿನ ಬಟನ್ ಮೇಲೆ ಸಾಮಾನು ಬಿದ್ದು ಒತ್ತಿಕೊಂಡೇ ಇದ್ದರೆ ಸುತ್ತಲಿನ ಬೋಟುಗಳಿಗೆಲ್ಲ ಆ ದಾರಿ ಬಂದ್.

ಹಳೆಯದೊಂದು ಪಾಠ ಇದೆ. 1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗಿನ ವಯರ್‌ಲೆಸ್‌ನವನು ಪ್ರಯಾಣಿಕರ ತಂತಿಗಳನ್ನು ಕಳಿಸುವ ಗಡಿಬಿಡಿಯಲ್ಲಿದ್ದ. ಹತ್ತಿರದ ಕ್ಯಾಲಿಫೋರ್ನಿಯನ್ ಹಡಗಿನವನು "ಇಲ್ಲಿ ಮಂಜುಗಡ್ಡೆ ಇದೆ" ಎಂದು ಹೇಳಹೊರಟರೆ, ಸುಮ್ಮನಿರು ಎಂದು ಗದರಿದ. ಆತ ಸೆಟ್ಟು ಮುಚ್ಚಿ ಮಲಗಿದ. ಸ್ವಲ್ಪ ಹೊತ್ತಿನಲ್ಲೇ ಟೈಟಾನಿಕ್ ಮಂಜುಗಡ್ಡೆಗೆ ಬಡಿಯಿತು. ಸುಮಾರು ಒಂದೂವರೆ ಸಾವಿರ ಜನ ಸತ್ತರು. ಹಡಗುಗಳಲ್ಲಿ ಹಗಲು ರಾತ್ರಿ ಕಿವಿಗೊಟ್ಟಿರಬೇಕೆಂಬ ನಿಯಮ ಬಂದದ್ದು ಆ ಮೇಲೆ.

ಅಷ್ಟು ದೂರ ಯಾಕೆ? 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಜನರೊಂದಿಗೆ ಕಾಣೆಯಾಯಿತು. ಅವರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ನೌಕಾಪಡೆಗೆ ಮಾಲ್ವಣದ ಕಡಲಿನ ತಳದಲ್ಲಿ ಅದರ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಮನೆಯವರು ಅಷ್ಟು ತಿಂಗಳು ಬಾಗಿಲು ಕಾಯುತ್ತಾ ಕೂತರು. 'ಎಲ್ಲಿ' ಎಂಬ ಒಂದು ಮಾತು ದಡಕ್ಕೆ ತಲುಪದಿದ್ದರೆ ಹುಡುಕುವುದೆಂದರೆ ಕತ್ತಲಲ್ಲಿ ಸೂಜಿ ಹುಡುಕಿದ ಹಾಗೆ.

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ವಿದ್ಯೆಯೇನಲ್ಲ. ಗೆಳೆಯನ ಬೋಟು ಬೇಕಾದರೆ 16ರಲ್ಲಿ ಹೆಸರು ಕರೆಯಿರಿ, "72ಕ್ಕೆ ಬಾ" ಎನ್ನಿ, ಅಲ್ಲಿಂದ ಎದ್ದುಹೋಗಿ. 72, 77 ಇರುವುದೇ ಬೋಟಿನಿಂದ ಬೋಟಿಗೆ ಮಾತಾಡಲಿಕ್ಕೆ. ಮಾತು ಮುಗಿದ ಮೇಲೆ ಸೆಟ್ಟನ್ನು ಮತ್ತೆ 16ಕ್ಕೆ ತಿರುಗಿಸಿಡಿ. ಜೀವಕ್ಕೆ ಕುತ್ತು ಬಂದರೆ 16ರಲ್ಲಿ ಮೂರು ಸಲ "ಮೇಡೇ", ಮೂರು ಸಲ ಬೋಟಿನ ಹೆಸರು, ಆಮೇಲೆ ಇರುವ ಜಾಗ, ಆದದ್ದೇನು, ಎಷ್ಟು ಜನ ಎಂದು ಹೇಳಿ ಬಟನ್ ಬಿಟ್ಟು ಕೇಳಿ. ಜಿಪಿಎಸ್ ಅಂಕಿ ಹೇಳಲು ಬರದಿದ್ದರೆ "ದೇವಗಡದ ದೀಪಸ್ತಂಭದಿಂದ ಪಡುವಣಕ್ಕೆ ಇಷ್ಟು ಮೈಲು" ಎಂದರೂ ಆದೀತು. ಇಂಜಿನ್ ಕೆಟ್ಟು ತೇಲುತ್ತಿದ್ದೀರಿ, ಜೀವಕ್ಕೆ ಕೂಡಲೇ ಅಪಾಯ ಇಲ್ಲ ಅಂದರೆ "ಪ್ಯಾನ್ ಪ್ಯಾನ್" ಎಂದು ಮೂರು ಸಲ.

ಇನ್ನೊಂದು ಮಾತು. ಗಿಡ್ಡ ಆಂಟೆನಾದ ಬೋಟಿನಿಂದ ಬೋಟಿಗೆ ದನಿ ಹೋಗುವುದು ಹೆಚ್ಚೆಂದರೆ 15-20 ಕಿಲೋಮೀಟರು. ಆದ್ದರಿಂದ ಮುಳುಗುವವನ ಕೂಗು ಎಷ್ಟೋ ಸಲ ದಡಕ್ಕೆ ಮುಟ್ಟದೆ ನಡುವಿನ ಬೋಟಿಗೆ ಮುಟ್ಟುತ್ತದೆ. ಅದನ್ನು ಕೇಳಿದ ತಾಂಡೇಲ ಮುಂದಕ್ಕೆ ದಾಟಿಸಬೇಕು. ಅವನ ಕಿವಿಯೇ ಇವನ ಪ್ರಾಣ. ಮೊಬೈಲ್ ಸಿಗ್ನಲ್ ಇರುವಲ್ಲಿ ಕೋಸ್ಟ್ ಗಾರ್ಡಿನ 1554, ಕರಾವಳಿ ಕಾವಲು ಪೊಲೀಸರ 1093 ಇವೆ. ದಡ ಬಿಟ್ಟು ದೂರ ಹೋದರೆ ಆ ಸಿಗ್ನಲ್ಲೂ ಕೈಕೊಡುತ್ತದೆ.

ಇದು ಬರೇ ಮೀನುಗಾರರ ಸಮಾಚಾರ ಎಂದು ಅಂಗಡಿಯಲ್ಲಿ ಕೂತವರೂ ಬಸ್ಸಿನಲ್ಲಿ ನಿಂತವರೂ ಪೇಪರು ಮಡಿಚಬಾರದು. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರಲ್ಲ, ಅವರು ಮೀನು ಹಿಡಿಯಲು ಹೋದವರಲ್ಲ, ದೇವರಿಗೆ ಕೈಮುಗಿದು ಬರುತ್ತಿದ್ದವರು. ಇನ್ನು ಮೇಲೆ ದೋಣಿ ಹತ್ತುವ ಮೊದಲು "ಲೈಫ್ ಜಾಕೆಟ್ ಎಲ್ಲಿ? ವಯರ್‌ಲೆಸ್ ಇದೆಯಾ?" ಎಂದು ಬಾಯಿಬಿಟ್ಟು ಕೇಳಿ. ಡೀಸೆಲ್, ಐಸು, ಬಲೆ ಮಾರುವ ಅಂಗಡಿಕಾರರು ಗಿರಾಕಿಗೆ ಕಾಣುವ ಹಾಗೆ ಗೋಡೆಗೆ ಒಂದು ಚೀಟಿ ಅಂಟಿಸಿದರೂ ಪುಣ್ಯ ಬಂದೀತು.

ಸರಕಾರ ಸೆಟ್ಟು ಕೊಟ್ಟು ಕೈತೊಳೆದುಕೊಂಡರೆ ಸಾಲದು. ಜೂನ್, ಜುಲೈ ಎರಡು ತಿಂಗಳು ಬೋಟುಗಳು ದಡದಲ್ಲೇ ಇರುತ್ತವೆ. ಮೀನುಗಾರಿಕೆ ಇಲಾಖೆಯೂ ಸಹಕಾರಿ ಸಂಘಗಳೂ ಸೇರಿ ಆಗ ಬಂದರು ಬಂದರಿಗೆ ಅರ್ಧ ದಿನದ ತರಬೇತಿಯನ್ನು ಕನ್ನಡದಲ್ಲಿ, ಕೊಂಕಣಿಯಲ್ಲಿ ನಡೆಸಲಿ. ಮೇಲಿನ ನಾಲ್ಕು ಸಾಲನ್ನು ಅಚ್ಚುಹಾಕಿ ಪ್ರತಿ ಸೆಟ್ಟಿನ ಪಕ್ಕ ಅಂಟಿಸಲಿ. ಇದಕ್ಕೆ ಕೋಟಿಗಟ್ಟಲೆ ರೂಪಾಯಿ ಬೇಡ, ಮನಸ್ಸು ಸಾಕು.

ಇಲಾಖೆ ಎಚ್ಚರಗೊಳ್ಳುವವರೆಗೆ ತಾಂಡೇಲರಿಗೆ ನಮ್ಮದೊಂದೇ ವಿನಂತಿ: ಹದಿನಾರನ್ನು ಖಾಲಿ ಬಿಡಿ. ನಾಳೆ ಆ ಬಾಗಿಲು ತಟ್ಟುವವರು ನೀವೇ ಇರಬಹುದು.