ಬೆಕ್ಕಿನ ಮರಿಯ ಭೇದಿ: ಅಲಕ್ಷ್ಯ ಬೇಡ

ಮೈಸೂರಿನ ಸಿದ್ಧಾರ್ಥನಗರದಂತಹ ಬಡಾವಣೆಯಲ್ಲಿ ಸಾಕಿದ ಬೆಕ್ಕಿನ ಮರಿಗೆ ಭೇದಿಯಾದರೆ ವೈದ್ಯರಲ್ಲಿಗೆ ಒಯ್ಯುತ್ತಾರೆ. ಅಲ್ಲಿಂದ ತಿ. ನರಸೀಪುರದ ಕಡೆಯ ಹಳ್ಳಿಗಳಿಗೆ ಹೋಗಿ ಈ ಮಾತೆತ್ತಿದರೆ, ‘ಬೆಕ್ಕಿಗೂ ಔಷಧವೇ?’ ಎಂದು ನಗುವವರುಂಟು. ಕರುವಿಗೆ ಭೇದಿಯಾದಾಗ ಆಸ್ಪತ್ರೆಗೆ ಓಡುವ ರೈತ, ಬೆಕ್ಕಿನ ಮರಿ ಸತ್ತರೆ ತಿಪ್ಪೆಗೆಸೆದು ಸುಮ್ಮನಾಗುತ್ತಾನೆ. ಇದು ಸರಿಯಲ್ಲ. ರಾಗಿ, ಭತ್ತ, ಕಡಲೆಕಾಯಿಯ ಮೂಟೆಗಳನ್ನು ಇಲಿಗಳಿಂದ ಕಾಯುವ ಪ್ರಾಣಿ ಇದು. ಬೆಕ್ಕು ಇಲ್ಲದ ಮನೆಗೆ ಇಲಿಪಾಷಾಣ ಬರುತ್ತದೆ. ಮಕ್ಕಳು, ಕೋಳಿಗಳು ಓಡಾಡುವ ಮನೆಯಲ್ಲಿ ಅದರ ಅಪಾಯವನ್ನು ವಿವರಿಸಬೇಕಾಗಿಲ್ಲ.

ಮರಿಗಳ ಹೊಟ್ಟೆ ಕೆಡಲು ಮುಖ್ಯ ಕಾರಣಗಳು ಮೂರು. ಮೊದಲನೆಯದು ನಾವು ಪ್ರೀತಿಯಿಂದ ಇಡುವ ಹಸುವಿನ ಹಾಲು. ಅದರಲ್ಲಿರುವ ಹಾಲಿನ ಸಕ್ಕರೆ ಅನೇಕ ಮರಿಗಳಿಗೆ ಜೀರ್ಣವಾಗುವುದಿಲ್ಲ. ತಾಯಿಬೆಕ್ಕಿನ ಹಾಲಿನಲ್ಲಿರುವಷ್ಟು ಸಸಾರಜನಕವೂ ಅದರಲ್ಲಿಲ್ಲ. ಆದ್ದರಿಂದ ಎರಡು ತಿಂಗಳು ತುಂಬುವವರೆಗೆ ಮರಿಯನ್ನು ತಾಯಿಯಿಂದ ಅಗಲಿಸಬಾರದು. ನಾಲ್ಕು ವಾರವಾದ ಮೇಲೆ ಬೇಯಿಸಿ ಹಿಸುಕಿದ ಮೊಟ್ಟೆ, ಮುಳ್ಳು ತೆಗೆದ ಮೀನು ಅಥವಾ ಕೋಳಿಮಾಂಸವನ್ನು ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಬಹುದು. ಬೆಕ್ಕು ಮಾಂಸಾಹಾರಿ, ಬರೀ ಹಾಲು-ಮುದ್ದೆಯಿಂದ ಅದು ಬೆಳೆಯದು.

ಎರಡನೆಯದು ಜಂತುಹುಳು. ದುಂಡುಹುಳುವಿನ ಮರಿಗಳು ತಾಯಿಯ ಹಾಲಿನ ಮೂಲಕವೇ ಬರುತ್ತವೆ. ಹೊಟ್ಟೆ ಉಬ್ಬಿ, ಬೆನ್ನು ಬಡಕಲಾಗಿ, ಕೂದಲು ಕಳೆಗುಂದಿದ್ದರೆ ಹುಳುವಿನ ಬಾಧೆಯೆಂದು ಶಂಕಿಸಬೇಕು. ಮೂರು ವಾರದ ವಯಸ್ಸಿನಿಂದ ಹದಿನೈದು ದಿನಕ್ಕೊಮ್ಮೆ ಜಂತುನಾಶಕ ಕೊಡಿಸುವುದು ಕ್ರಮ, ತಾಯಿಗೂ ಕೊಡಿಸಬೇಕು. ದನಗಳ ಔಷಧವನ್ನು ಅಂದಾಜಿನಲ್ಲಿ ಕುಡಿಸಬಾರದು; ಮರಿಯನ್ನು ತೂಗಿಯೇ ಪ್ರಮಾಣ ಗೊತ್ತುಮಾಡಬೇಕು. ಈ ಹುಳುವಿನ ಮೊಟ್ಟೆಗಳು ಮಣ್ಣಿನ ಮೂಲಕ ಮಕ್ಕಳ ಹೊಟ್ಟೆಯನ್ನೂ ಸೇರುತ್ತವೆ.

ಮೂರನೆಯದು ವೈರಸ್ ರೋಗ. ವಾಂತಿ, ರಕ್ತಭೇದಿ, ಮಂಕು ಕಾಣಿಸಿದ ಮರಿ ಒಂದೆರಡು ದಿನದಲ್ಲೇ ಸಾಯಬಹುದು. 2025ರ ಆರಂಭದಲ್ಲಿ ರಾಯಚೂರಿನಲ್ಲಿ ಈ ರೋಗ ಹರಡಿ ಬೆಕ್ಕುಗಳು ಸತ್ತದ್ದು ಸುದ್ದಿಯಾಗಿತ್ತು. ಸೋಂಕು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಇದಕ್ಕೆ ಲಸಿಕೆ ಇದೆ. ಆರರಿಂದ ಎಂಟು ವಾರದಲ್ಲಿ ಆರಂಭಿಸಬೇಕು.

ಆರು ವಾರದ ಮರಿಯ ತೂಕ ಅರ್ಧ ಕಿಲೋ ಆಸುಪಾಸು. ಅಷ್ಟು ಸಣ್ಣ ದೇಹದ ನೀರು ಆರಲು ಒಂದು ದಿನದ ಭೇದಿ ಸಾಕು. ಕತ್ತಿನ ಮೇಲಿನ ಚರ್ಮವನ್ನು ಎತ್ತಿ ಬಿಟ್ಟಾಗ ಅದು ತಟ್ಟನೆ ಇಳಿಯದಿದ್ದರೆ ತಡಮಾಡಬೇಡಿ. ಮರಿ ತಣ್ಣಗಾಗಿದ್ದರೆ ಮೊದಲು ಬಟ್ಟೆಯಲ್ಲಿ ಸುತ್ತಿ ಬೆಚ್ಚಗೆ ಮಾಡಿ, ಆಮೇಲೆ ಆಹಾರ ಕೊಡಿ. ನುಂಗಲಾರದ ಮರಿಯ ಬಾಯಿಗೆ ಏನನ್ನೂ ಸುರಿಯಬೇಡಿ. ಮನೆಯಲ್ಲಿರುವ ಜ್ವರದ ಮಾತ್ರೆ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷವೆಂಬುದನ್ನು ಮರೆಯದಿರಿ.

ಹತ್ತಿರದ ಪಶು ಆಸ್ಪತ್ರೆಗೆ ಬೆಕ್ಕನ್ನು ಒಯ್ಯಲು ಸಂಕೋಚ ಬೇಡ. ಹಳ್ಳಿಗಳಲ್ಲಿ ನಡೆಯುವ ಪಶು ಆರೋಗ್ಯ ಶಿಬಿರಗಳಲ್ಲಿ ದನ-ಕುರಿಗಳ ಜೊತೆಗೆ ಬೆಕ್ಕುಗಳಿಗೂ ಜಂತುನಾಶಕ ಕೊಡುವ ಏರ್ಪಾಡಾಗಬೇಕು. ಇದರಿಂದ ಆಗುವ ಖರ್ಚು ಅಲ್ಪ. ಉಳಿಯುವುದು ನಿಮ್ಮದೇ ಕಾಳು. ಮುಂದಿನ ಶಿಬಿರ ನಡೆದಾಗ ಈ ಬೇಡಿಕೆಯನ್ನು ನೀವೇ ಮುಂದಿಡಿ.