ಉಗ್ರರೂಪವೂ ಅಭಯವೂ

ಕೃಷ್ಣಾ ತೀರದ ಯಡೂರಿನ ವೀರಭದ್ರೇಶ್ವರ ಸನ್ನಿಧಿಗೆ ಭಕ್ತರು ಬರುವುದು ಆ ಉಗ್ರರೂಪಕ್ಕೆ ಅಂಜಿ ಅಲ್ಲ, ಅಭಯ ಬೇಡಿ. ದಕ್ಷಯಜ್ಞದ ಪುರಾಣವೂ ಸಂಹಾರದಲ್ಲಿ ಮುಗಿಯುವುದಿಲ್ಲ. ಆಡಿನ ತಲೆ ಪಡೆದು ದಕ್ಷ ಮರಳಿ ಬದುಕುತ್ತಾನೆ. ನಮ್ಮ ಭಯಾನಕ ಚಲನಚಿತ್ರ, ಧಾರಾವಾಹಿಗಳು ಈ ಉಗ್ರತೆಯನ್ನು ಎರವಲು ಪಡೆದು, ಕರುಣೆಯನ್ನು ಕೈಬಿಡುತ್ತಿವೆ. 2004ರ ‘ಆಪ್ತಮಿತ್ರ’ದಲ್ಲಿ ನಾಗವಲ್ಲಿಯಂತೆ ವರ್ತಿಸುವ ಗಂಗಾಳನ್ನು ಮನೋವೈದ್ಯನು ಆಚಾರ್ಯರೊಬ್ಬರ ನೆರವಿನಿಂದ ಗುಣಪಡಿಸುತ್ತಾನೆ. ಆದರೆ ಜನಮನದಲ್ಲಿ ಉಳಿದವಳು ನಾಗವಲ್ಲಿ, ಆ ಚಿಕಿತ್ಸೆಯಲ್ಲ. ದೆವ್ವ ಬಿಡಿಸುವ ಹೆಸರಿನ ಹಿಂಸೆಯನ್ನು ತಡೆಯಲು ರಾಜ್ಯವು 2017ರಲ್ಲಿ ಕಾಯ್ದೆಯನ್ನೇ ರೂಪಿಸಬೇಕಾಯಿತು. ಕಾಯ್ದೆ ಕೃತ್ಯವನ್ನು ಶಿಕ್ಷಿಸಬಲ್ಲದು. ಕಲ್ಪನೆಯನ್ನು ತಿದ್ದುವ ಹೊಣೆ ಕಥೆಗಾರರದು. ಬಳಲಿದ ಹೆಣ್ಣಿನಲ್ಲಿ ದೆವ್ವವನ್ನಲ್ಲ, ನೋವನ್ನು ಕಾಣಿಸುವ ಕಥೆಗಳು ನಮಗಿಂದು ಬೇಕು.